ಬೈಕಿನ ಹೊರೆಗೆ ಎಲಾಸ್ಟಿಕ್ ಹಗ್ಗ ಸಾಕೆಂಬ ಸಂದೇಶ: ಸ್ಪಷ್ಟನೆ

ದೂರದ ಪ್ರಯಾಣಕ್ಕೆ ಕೊಕ್ಕೆಯಿರುವ ಎರಡು ಎಲಾಸ್ಟಿಕ್ ಹಗ್ಗಗಳು ಸಾಕು, ಭಾರದ ಬ್ಯಾಗನ್ನು ಕ್ಯಾರಿಯರ್‌ನ ತುದಿಗೆ ಕಟ್ಟಬೇಕು ಎಂಬ ಸಂದೇಶವು ದಾವಣಗೆರೆ, ಚಿತ್ರದುರ್ಗದ ಸವಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ಮೊದಲ ಮಾತನ್ನು ಹಿಂದೊಮ್ಮೆ ನಾನೇ ಬರೆದಿದ್ದೆ. ಎರಡೂ ತಪ್ಪು.

ಹಿಗ್ಗುವುದೇ ಎಲಾಸ್ಟಿಕ್‌ನ ಗುಣವಾದ್ದರಿಂದ, ರಸ್ತೆಯುಬ್ಬಿನಲ್ಲಿ ಕುಲುಕಿದಾಗಲೂ ಜೋರಾಗಿ ಬ್ರೇಕ್ ಹಿಡಿದಾಗಲೂ ಹೊರೆಯು ಹಗ್ಗವನ್ನು ಎಳೆದುಕೊಂಡೇ ಜರುಗುತ್ತದೆ. ಕೊಕ್ಕೆ ಕಳಚಿ, ಸಡಿಲವಾದ ತುದಿ ಚೈನಿಗೋ ಹಿಂಚಕ್ರಕ್ಕೋ ಸುತ್ತಿಕೊಂಡರೆ ಓಡುತ್ತಿರುವಾಗಲೇ ಚಕ್ರ ಬಿಗಿದು ನಿಲ್ಲಬಹುದು. ಕಟ್ಟುವಾಗ ಜಾರಿದ ಕೊಕ್ಕೆ ಕಣ್ಣಿಗೆ ಬಡಿದು ದೃಷ್ಟಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹಿಗ್ಗದ, ಬಕಲ್ ಇರುವ ನೈಲಾನ್ ಪಟ್ಟಿಗಳಿಂದಲೇ ಬಿಗಿದು, ಉಳಿದ ತುದಿಗಳನ್ನು ಮಡಚಿ ಸಿಕ್ಕಿಸಬೇಕು. ಸೈಲೆನ್ಸರ್‌ನ ಕಾವಿಗೆ ನೈಲಾನ್ ಕರಗುತ್ತದೆ ಎಂಬುದು ನೆನಪಿರಲಿ. ಎಲಾಸ್ಟಿಕ್ ಜಾಲರಿಯು ಮೇಲಿನ ಜರ್ಕಿನ್‌ನಂಥ ಹಗುರ ವಸ್ತುವಿಗೆ ಮಾತ್ರ.

ಭಾರವು ಹಿಂಚಕ್ರದ ಅಚ್ಚಿನಿಂದ ಹಿಂದಕ್ಕೆ ಹೋದಷ್ಟೂ ಮುಂಚಕ್ರದ ಮೇಲಿನ ಒತ್ತು ತಗ್ಗಿ ಹ್ಯಾಂಡಲ್ ಹಗುರವಾಗುತ್ತದೆ. ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಚಿತ್ರದುರ್ಗದ ಬಯಲುಗಾಳಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ವೇಗದಲ್ಲಿ, ಇದು ಸಣ್ಣ ವಿಷಯವಲ್ಲ. ಭಾರದ ವಸ್ತುಗಳು ಕೆಳಗೆ, ಸೀಟಿಗೆ ಒತ್ತಿಕೊಂಡು, ಎರಡೂ ಬದಿಗೆ ಸಮವಾಗಿರಲಿ.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನು ಹಾಕಿ.