‘ಅಲ್ಟ್ರಾಥಿಂಕ್’ ಗುಪ್ತ ಸಂಕೇತವಲ್ಲ: ಒಂದು ಸ್ಪಷ್ಟನೆ
ಆಂಥ್ರೊಪಿಕ್ ಕಂಪನಿಯ ಎಐ ಕೋಡಿಂಗ್ ಸಾಧನವಾದ ಕ್ಲಾಡ್ ಕೋಡ್‌ನಲ್ಲಿ ‘ಅಲ್ಟ್ರಾಥಿಂಕ್’ ಎಂದು ಟೈಪ್ ಮಾಡಿದರೆ ಕಂಪನಿ ಬಚ್ಚಿಟ್ಟಿರುವ, ಇನ್ನೂ ಬುದ್ಧಿವಂತ ಎಐ ಮಾದರಿಯೊಂದು ತೆರೆದುಕೊಳ್ಳುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ. ಆ ಪದವನ್ನು ಯಾರೂ ಬಚ್ಚಿಟ್ಟಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆಂಥ್ರೊಪಿಕ್ ತಾನೇ ಪ್ರಕಟಿಸಿದ ಬಳಕೆಯ ಸಲಹೆಗಳಲ್ಲಿ ಅದು ಇತ್ತು. ಮಾದರಿಯೂ ಬದಲಾಗುತ್ತಿರಲಿಲ್ಲ. ಬಳಕೆದಾರರ ಸಾಲಿನಲ್ಲಿ ಈ ಪದ ಕಂಡರೆ, ಉತ್ತರಕ್ಕೆ ಮುನ್ನ ಯೋಚಿಸಲು ಸಿಗುವ ಟೋಕನ್‌ಗಳ (ಪಠ್ಯದ ಸಣ್ಣ ತುಣುಕುಗಳ) ಮಿತಿಯನ್ನು ಕ್ಲಾಡ್ ಕೋಡ್‌ನ ಆಗಿನ ಆವೃತ್ತಿ 31,999ಕ್ಕೆ ಏರಿಸುತ್ತಿತ್ತು. ಬರೀ ‘ಥಿಂಕ್’ ಎಂದು ಬರೆದರೆ ಮಿತಿ 4,000 ಇತ್ತು. ಟೋಕನ್ ಲೆಕ್ಕದಲ್ಲಿ ಹಣ ಕಟ್ಟುವವರಿಗೆ ಬಿಲ್ಲೂ ಏರಬಹುದಿತ್ತು, ಇದನ್ನು ಮಾತ್ರ ಸಂದೇಶ ಹೇಳುವುದಿಲ್ಲ! ಆವೃತ್ತಿ ಬದಲಾದರೆ ಈ ಲೆಕ್ಕವೂ ಬದಲಾಗಬಹುದು. ಅಡಗಿರುವ ಸೌಲಭ್ಯ ಹುಡುಕುವವರು ಮೊದಲು ಕ್ಲಾಡ್ ಕೋಡ್‌ನಲ್ಲಿ ಸ್ಲ್ಯಾಷ್ (/) ಕೀಲಿ ಒತ್ತಿ ನೋಡಲಿ: ಆದೇಶಗಳ ಪಟ್ಟಿ ಅಲ್ಲೇ ಬಿಚ್ಚಿಕೊಳ್ಳುತ್ತದೆ.