ಆಚೆಮನೆ ಭಾವನ 38 ಸೆಕೆಂಡು

ನಿನ್ನೆ ರಾತ್ರಿ ಮ್ಯಾಚಿನ ಕೊನೇ ಓವರಿನಲ್ಲಿ ನಾನು ಮಂಗನಾದೆ. ಅದೂ ಅಮ್ಮ, ಹೆಂಡತಿ, ಮಗಳು ಮೂವರ ಎದುರಿಗೆ. ಹೊಟ್ಟೆಯುರಿ ಇನ್ನೂ ಆರಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಊರು. ಊರು ಅಂದರೆ ಬಯಲುಸೀಮೆಯವರು ಅಂದುಕೊಳ್ಳುವ ಹಾಗೆ ಸಾಲುಮನೆಗಳಲ್ಲ, ಗುಡ್ಡಕ್ಕೊಂದು ಮನೆ. ನಮ್ಮನೆಗೂ ಆಚೆಮನೆಗೂ ನಡುವೆ ಒಂದು ಅಡಿಕೆ ತೋಟ, ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ಆಚೆಮನೆಯವರು ದೂರದ ಸಂಬಂಧದಲ್ಲಿ ನನಗೆ ಭಾವ. ಭಾವನ ಮಾಡಿನ ಮೇಲೆ ಟೀವಿ ಡಿಶ್ ಇದೆ. ನಮ್ಮ ಮಾಡಿನ ಮೇಲೂ ಇತ್ತು. ಎರಡು ವರ್ಷದ ಹಿಂದೆ ಒಂದು ಗಡವ ಅದನ್ನು ಆರಾಮಕುರ್ಚಿ ಅಂದುಕೊಂಡು ಕೂತಿತು. ಅವತ್ತಿನಿಂದ ಅದು ಆಕಾಶ ನೋಡುವುದು ಬಿಟ್ಟು ನಮ್ಮ ಕೊಟ್ಟಿಗೆ ನೋಡುತ್ತಿದೆ. "ಹೇಗೂ ಫೈಬರ್ ಇಂಟರ್ನೆಟ್ ಬಂತಲ್ಲ ಅಪ್ಪಾ, ಮ್ಯಾಚ್ ಫೋನಲ್ಲೇ ಬರುತ್ತೆ" ಅಂದಳು ಮಗಳು. ಬರುತ್ತದೆ. ಎಷ್ಟು ಹೊತ್ತಿಗೆ ಬರುತ್ತದೆ ಅಂತ ಆಗ ನಾನು ಕೇಳಬೇಕಿತ್ತು.

ಭಾವನ ಟೀವಿಗೂ ನನ್ನ ಫೋನಿಗೂ 38 ಸೆಕೆಂಡು ವ್ಯತ್ಯಾಸ. ನಾನೇ ಗಡಿಯಾರ ಹಿಡಿದು ಅಳೆದದ್ದು. ಅಂದರೆ ನನ್ನ ಫೋನಿನಲ್ಲಿ ಬೌಲರ್ ಪ್ಯಾಂಟಿಗೆ ಬಾಲ್ ಉಜ್ಜುತ್ತಿರುವಾಗ ಭಾವನ ಮನೆಯಲ್ಲಿ ಬ್ಯಾಟ್ಸ್‌ಮನ್ ಔಟಾಗಿ ಪೆವಿಲಿಯನ್ ಕಡೆ ಹೊರಟಿರುತ್ತಾನೆ. ಇದಾದರೂ ತೊಂದರೆಯಿಲ್ಲ, ಭಾವ ಬಾಯಿ ಮುಚ್ಚಿಕೊಂಡು ಮ್ಯಾಚ್ ನೋಡುವ ಜನ ಆಗಿದ್ದರೆ.

ಭಾವನ ಗಂಟಲು ಮಂಗ ಓಡಿಸಿ ಪಳಗಿದ್ದು. ವಿಕೆಟ್ ಹೋದರೆ ಒಂದು "ಥೋ!" ಫೋರ್ ಹೋದರೆ ಒಂದು "ಹೋಯ್!" ಸಿಕ್ಸ್ ಆದರೆ "ಹೋಯ್ ಹೋಯ್ ಹೋಯ್" ಅಂತ ಮೂರು, ಜೊತೆಗೆ ಜಗಲಿಯಲ್ಲಿದ್ದ ಖಾಲಿ ಎಣ್ಣೆ ಡಬ್ಬಕ್ಕೆ ಎರಡು ಬಡಿತ. ನಮ್ಮನೆಯಲ್ಲಿ ಎಲ್ಲರೂ ಈ ಭಾಷೆ ಕಲಿತುಬಿಟ್ಟಿದ್ದಾರೆ. ಅಮ್ಮನಂತೂ ಫೋನಿನ ಕಡೆ ನೋಡುವುದೇ ಇಲ್ಲ, "ಆಚೆಮನೆಯವ ಎಂತ ಅಂದ?" ಅಂತ ಕೇಳುತ್ತಾಳೆ. ಹೆಂಡತಿ "ಹೋಯ್" ಕೇಳಿದ ಮೇಲೆ ನಿಧಾನಕ್ಕೆ ಎದ್ದು, ಒಗ್ಗರಣೆ ಹಾಕಿ, ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಫೋರ್ ನೋಡುತ್ತಾಳೆ. ಅವಳಿಗೆ ಇದರಿಂದ ಅನುಕೂಲವೇ ಆಗಿದೆ. ಉಗುರು ಕಚ್ಚುತ್ತಾ ಕೂತವನು ನಾನೊಬ್ಬ, ಅದೂ ಫಲಿತಾಂಶ ಗೊತ್ತಿರುವ ಪರೀಕ್ಷೆಗೆ.

ಯಾಕೆ ಹೀಗೆ ಅಂತ ಇಂಟರ್ನೆಟ್ ಹಾಕಿಕೊಟ್ಟ ಹುಡುಗನನ್ನು ಕೇಳಿದೆ. ನಾನು ಉಪಗ್ರಹದ ಮೇಲೆ ಅನುಮಾನ ಇಟ್ಟುಕೊಂಡಿದ್ದೆ. ಪಾಪ, ಅದರದ್ದೇನೂ ತಪ್ಪಿಲ್ಲವಂತೆ. 36,000 ಕಿಲೋಮೀಟರ್ ಮೇಲೆ ಹೋಗಿ ಅಷ್ಟೇ ದೂರ ಕೆಳಗೆ ಬರುವುದಕ್ಕೆ ಕಾಲು ಸೆಕೆಂಡು ಸಾಕು. ತಡವಾಗುವುದು ಎಲ್ಲ ನೆಲದ ಮೇಲೆಯೇ. ಚಿತ್ರವನ್ನು ಹಿಂಡಿ ಸಣ್ಣದು ಮಾಡಬೇಕು, ಕೆಲವೇ ಸೆಕೆಂಡಿನ ತುಂಡು ತುಂಡು ಮಾಡಿ ಪೊಟ್ಟಣ ಕಟ್ಟಬೇಕು, ಅದು ಊರೂರು ದಾಟಿ ಬರಬೇಕು. ಬಂದ ಮೇಲೂ ಫೋನು ಮೊದಲ ಪೊಟ್ಟಣ ಸಿಕ್ಕ ಕೂಡಲೇ ಬಿಚ್ಚುವುದಿಲ್ಲ. ನಡುವೆ ನಿಲ್ಲಬಾರದು ಅಂತ ನಾಲ್ಕಾರು ಸೇರುವವರೆಗೆ ಕಾಯುತ್ತದೆ, ನಮ್ಮ ಮ್ಯಾಕ್ಸಿಕ್ಯಾಬಿನವರು ಸೀಟು ತುಂಬುವ ತನಕ "ಹೊರಟ್ವಿ ಹೊರಟ್ವಿ" ಅನ್ನುತ್ತಾ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುವ ಹಾಗೆ. ಭಾವನ ಡಿಶ್ಶೂ ಕೆಲವು ಸೆಕೆಂಡು ತಡವೇ ಅಂತೆ. ಅದು ಭಾವನಿಗೆ ಗೊತ್ತಿಲ್ಲ. ಆಚೆಮನೆಯಿಂದ ನಮ್ಮ ಜಗಲಿಗೆ ತೋಟದ ಮೇಲಿಂದ ಇನ್ನೂರು ಮೀಟರ್ ಇರಬಹುದು. ಕೂಗು ಅಷ್ಟು ದೂರ ಬರುವುದಕ್ಕೆ ಅರ್ಧ ಸೆಕೆಂಡಿಗಿಂತ ಒಂಚೂರು ಜಾಸ್ತಿ. ತಿಂಗಳಿಗೆ ದುಡ್ಡು ಕಟ್ಟುವ ಫೈಬರಿಗೆ ಮಾಡಲಾಗದ್ದನ್ನು ಕವಳ ಹಾಕಿದ ಬಾಯಿ ಪುಕ್ಕಟೆ ಮಾಡುತ್ತದೆ.

ಮಳೆ ಜೋರಾದರೆ ಡಿಶ್ಶಿಗೆ ಸಿಗ್ನಲ್ ಸಿಗುವುದಿಲ್ಲ, ಭಾವ ತಣ್ಣಗಾಗುತ್ತಾರೆ. ಸೇಡು ತೀರಿಸಿಕೊಳ್ಳೋಣ ಅಂದರೆ ಆ ಹೊತ್ತಿಗೆ ಕರೆಂಟು ಹೋಗಿ ನಮ್ಮ ಇಂಟರ್ನೆಟ್ಟೂ ಸತ್ತಿರುತ್ತದೆ.

ಒಂದು ದಿನ ತಡೆಯಲಾರದೆ ಸಂಕ ದಾಟಿ ಹೋಗಿ ಹೇಳಿಯೇಬಿಟ್ಟೆ. "ಭಾವ, ನೀವು ಒಂಚೂರು ಮೆಲ್ಲಗೆ ನೋಡಿದ್ರೆ ಆಗ್ತಿತ್ತು." ಭಾವ ಕವಳದ ತಟ್ಟೆ ನನ್ನ ಕಡೆ ಸರಿಸಿ, "ಅಲ್ಲ ಮಾರಾಯ, ಮೆಲ್ಲಗೆ ನೋಡಕ್ಕೆ ಅದೇನು ಸತ್ಯನಾರಾಯಣ ಕತೆಯನಾ?" ಅಂದರು. ಆದರೂ ದೊಡ್ಡ ಮನಸ್ಸು, ಇನ್ನು ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟರು.

ಮಾತು ಉಳಿಸಿಕೊಂಡರು ಕೂಡ. ಆದರೆ ವಿಕೆಟ್ ಬಿದ್ದರೆ ಭಾವನಿಗೆ ಒಳಗೆ ಕೂರಲಾಗುವುದಿಲ್ಲ. ಟಾರ್ಚ್ ಹಾಕಿಕೊಂಡು ಅಂಗಳದ ತುದಿಗೆ ಬಂದು ಕವಳ ಉಗುಳುತ್ತಾರೆ. "ಅಪ್ಪಾ, ಮಾವ ಉಗುಳಕ್ಕೆ ಬಂದ್ರು, ಒಂದು ಹೋಯ್ತು" ಅಂತ ಮಗಳು ಕಿಟಕಿಯಿಂದ ಹೇಳುವಳು. ನಾನು ಕಿಟಕಿ ಹಾಕಿಸಿದೆ. ಸಂದಿಯಲ್ಲಿ ಬೆಳಕು ಬಂತು. ಪರದೆ ಎಳೆಸಿದೆ. ಕೆಮ್ಮು ಕೇಳಿತು. ಸಿಕ್ಸಿಗೆ ಬೇರೆ ಕೆಮ್ಮು, ಔಟಿಗೆ ಬೇರೆ ಕೆಮ್ಮು ಅಂತ ಎರಡು ಮ್ಯಾಚಿನಲ್ಲಿ ನನಗೇ ಅಭ್ಯಾಸವಾಯಿತು. ಏನೂ ಕೇಳದಿದ್ದರೆ ಇನ್ನೂ ಕಷ್ಟ. ಈ ಬಾಲಿಗೆ ಏನೂ ಆಗುವುದಿಲ್ಲ ಅಂತ ಗೊತ್ತಿಟ್ಟುಕೊಂಡು ಬಾಲ್ ನೋಡುವುದು ಹೇಗೆ?

2025ರ ಜೂನ್ 3, ಅಹಮದಾಬಾದಿನ ಫೈನಲ್. 2009, 2011, 2016 ಮೂರು ಸಲ ಕೊನೆಯ ಮೆಟ್ಟಿಲಲ್ಲಿ ಜಾರಿದ್ದ ಆರ್‌ಸಿಬಿ. ಪಂಜಾಬಿಗೆ ಕೊನೇ ಓವರಿನಲ್ಲಿ 29 ಬೇಕು, ಬಾಲ್ ಹೇಜಲ್‌ವುಡ್ ಕೈಯಲ್ಲಿ. ನನ್ನ ಫೋನಿನಲ್ಲಿ ಅವನು ಇನ್ನೂ ಫೀಲ್ಡಿಂಗ್ ಸರಿಮಾಡುತ್ತಿದ್ದಾನೆ, ಆಚೆಮನೆಯಿಂದ ಢಣ್ ಢಣ್ ಢಣ್! ಜಾಗಟೆ. ರಾತ್ರಿ ಹನ್ನೊಂದರ ಮೇಲೆ ಯಾವ ದೇವರಿಗೆ ಮಂಗಳಾರತಿ? ಎರಡು ಬಾಲ್ ಡಾಟ್ ಆಗಿ, ಉಳಿದ ನಾಲ್ಕಕ್ಕೆ ನಾಲ್ಕೂ ಸಿಕ್ಸ್ ಹೊಡೆದರೂ ಆಗದು ಅಂತಾಗಿ, ಕೊಹ್ಲಿಯ ಕಣ್ಣು ತುಂಬಿದ್ದನ್ನು ನಾನು ನೋಡುವ ಹೊತ್ತಿಗೆ ನನ್ನ ಕಣ್ಣು ಆಗಲೇ ಒಣಗಿತ್ತು. 18 ವರ್ಷ ಕಾದವನಿಗೆ 38 ಸೆಕೆಂಡು ಕಾಯಲು ಬಿಡಲಿಲ್ಲ. ಮರುದಿನ ಕೇಳಿದರೆ, "ನಾ ಬಾಯಿ ಬಿಟ್ಟೆನಾ? ಜಾಗಟೆ ಹೊಡೆದೆ, ಅಷ್ಟೇ" ಅಂದರು ಭಾವ.

ಹಾಗೆ ನೋಡಿದರೆ ಈ ವಿದ್ಯೆ ನಮ್ಮನೆಗೆ ಹೊಸದಲ್ಲ. 2011ರ ವಿಶ್ವಕಪ್ ಫೈನಲ್ ಏಪ್ರಿಲ್ 2ಕ್ಕೆ, ಯುಗಾದಿಗೆ ಎರಡೇ ದಿನ ಇತ್ತು, ಮನೆ ತುಂಬ ನೆಂಟರು. ಆ ಸೆಕೆಯಲ್ಲಿ ಅಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. "ಶೀತ" ಅಂದರು. ಮಾಲಿಂಗ ಎರಡನೇ ಬಾಲಿಗೆ ಓಡಿ ಬರುವ ಮೊದಲೇ, "ಸೆಹ್ವಾಗ್ ಹೋಗ್ತಾನೆ, ನೋಡ್ರೋ" ಅಂದರು. ಹೋದ. ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ಅಪ್ಪನ ಸುತ್ತ ಸೇರಿದರು. ಮಫ್ಲರಿನೊಳಗೆ ಇಯರ್‌ಫೋನ್, ಜೇಬಿನಲ್ಲಿ ಬೀಡಿಕಟ್ಟಿನಷ್ಟು ರೇಡಿಯೋ. ಡಿಶ್ ಬಂದ ಮೇಲೆ ಟೀವಿಗಿಂತ ರೇಡಿಯೋ ಮುಂದೆ ಅಂತ ಅಪ್ಪನಿಗೆ ಮೊದಲೇ ಗೊತ್ತಾಗಿತ್ತು. ಅಪ್ಪನಿಗೆ ಬರುತ್ತಿದ್ದ ಹಿಂದಿ "ಚೌಕಾ", "ಛಕ್ಕಾ" ಎರಡೇ ಶಬ್ದ, ಔಟ್ ಹೇಗೂ ಎಲ್ಲ ಭಾಷೆಯಲ್ಲೂ ಔಟ್. ಸಚಿನ್ ಹದಿನೆಂಟಕ್ಕೆ ಔಟಾಗುವ ಮೊದಲು ಮಾತ್ರ ಭವಿಷ್ಯ ಹೇಳಲಿಲ್ಲ. ಸುಮ್ಮನೆ ಎದ್ದು ಬಚ್ಚಲ ಕಡೆ ಹೋದರು. ಕೊನೆಗೆ ನಾಲ್ಕೈದು ರನ್ ಬೇಕು ಅನ್ನುವಾಗ "ಸೆಕೆ" ಅಂತ ಮಫ್ಲರ್ ಬಿಚ್ಚಿ, ಮುದ್ದೆಮಾಡಿ ಪಕ್ಕಕ್ಕಿಟ್ಟರು. ಧೋನಿಯ ಸಿಕ್ಸನ್ನು ನಮ್ಮೆಲ್ಲರ ಜೊತೆಗೇ ನೋಡಿದರು. ಆ ಯುಗಾದಿಗೆ ಪಂಚಾಂಗ ಓದಲು ಎಲ್ಲರೂ ಅಪ್ಪನನ್ನೇ ಕೂರಿಸಿದ್ದರು. ಸಮಾಚಾರ ಅಮ್ಮನಿಗೆ ಮಾತ್ರ ಗೊತ್ತಿತ್ತಂತೆ. ರೇಡಿಯೋ ಈಗಲೂ ಅಪ್ಪನ ಕಪಾಟಿನಲ್ಲಿದೆ, ಸೆಲ್ ತೆಗೆದಿಟ್ಟಿದ್ದೇವೆ.

ಇನ್ನು ನಿನ್ನೆಯ ಕತೆ. ಕೊನೇ ಓವರ್, ಕೊನೆಯ ಎರಡು ಬಾಲ್, ಒಂದು ಸಿಕ್ಸ್ ಹೋದರೆ ಗೆದ್ದ ಹಾಗೆ. ಆಚೆಮನೆಯಿಂದ "ಹೋಯ್ ಹೋಯ್ ಹೋಯ್!" ಡಬ್ಬಕ್ಕೆ ಎರಡಲ್ಲ, ಹತ್ತು ಬಡಿತ. ನಾನು ಎದ್ದು ನಿಂತು, "ಸಿಕ್ಸ್! ಗೆದ್ದಾಯ್ತು! ಬರೆದಿಟ್ಟುಕೊಳ್ಳಿ!" ಅಂತ ಕುಣಿದೆ. ಅಮ್ಮ ದೇವರ ಕಡೆ ಕೈ ಮುಗಿದಳು. 38 ಸೆಕೆಂಡು ನಾವು ನಾಲ್ವರೂ ಗೆದ್ದಿದ್ದೆವು. ಆಮೇಲೆ ಬೌಲರ್ ಬಂದ, ಮಧ್ಯದ ಸ್ಟಂಪ್ ಹಾರಿತು.

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಭಾವ ಸಂಕ ದಾಟಿ ಬಂದರು, ಕಾಲೆಲ್ಲ ಕೆಸರು.

"ಹಾಳು ಹಂದಿ ಮಾರಾಯ. ರಾತ್ರಿ ತೋಟಕ್ಕೆ ನುಗ್ಗಿ ಸಸಿ ಬುಡ ಎಲ್ಲ ಅಗೆದು ಹಾಕಿದಾವೆ. ಓಡಿಸೋ ಗಲಾಟೆಲಿ ಕೊನೇ ಓವರ್ ನೋಡಕ್ಕೇ ಆಗಲಿಲ್ಲ. ಆಮೇಲೆ ಕರೆಂಟೂ ಹೋತು. ಎಂತ ಆಯ್ತೋ?"

ನಾನು ಮಣೆ ತೋರಿಸಿದೆ. ಒಳಗೆ ಕೂಗಿ ಕಾಫಿಗೆ ಹೇಳಿದೆ.

"ಕೂತ್ಕೊಳ್ಳಿ ಭಾವ" ಅಂದೆ. "ಮೊದಲನೇ ಬಾಲಿಂದ ಹೇಳ್ತೀನಿ."