ಕೋಳಿ ತಿನ್ನದವನ ಕೋಳಿ ತೆರಿಗೆ

"ಅರ್ಜಿಯಲ್ಲಿ ಚಾಸಿ ನಂಬರಿಗೆ 17 ಚೌಕ ಇಟ್ಟಿದ್ದಾರೆ. ನನ್ನ ಗಾಡಿಯದು 11ಕ್ಕೇ ಮುಗಿದುಹೋಗುತ್ತೆ. ಉಳಿದ ಆರಕ್ಕೆ ಏನು ತುಂಬಲಿ ಮಾರಾಯಾ?"

ಅಮೆರಿಕದಲ್ಲಿರುವ ಗೆಳೆಯನ ಫೋನು. ಜಪಾನಿನಿಂದ ಸುಜುಕಿ ಕ್ಯಾರಿ ಎಂಬ ಹಳೇ ಪುಟ್ಟ ಟ್ರಕ್ಕು ತರಿಸುತ್ತಿದ್ದಾನೆ. ನನ್ನ ಹತ್ತಿರ ಸೈಕಲ್ ಬಿಟ್ಟರೆ ಬೇರೆ ವಾಹನವಿಲ್ಲ. ಆದರೂ ಇಂಥ ಪ್ರಶ್ನೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. 17 ಅಕ್ಷರದ ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾಡೆಲುಗಳಿಂದ. ಜಪಾನಿನವರು ತಮ್ಮಲ್ಲೇ ಓಡುವ ಗಾಡಿಗಳಿಗೆ ಆ ಗೊಡವೆಯೇ ಬೇಡ ಅಂದರು. ಡಿಡಿ51ಟಿ ಅಂತ ಮಾಡೆಲಿನ ಗುರುತು, ಒಂದು ಗೆರೆ, ಆರು ಅಂಕಿ. ಮುಗೀತು. ಮನುಷ್ಯರಿಗೆ ಇಷ್ಟು ಸಾಕು. ಕಂಪ್ಯೂಟರಿಗೆ ಸಾಲದು.

ಹೊರಗಿನಿಂದ ತರಿಸುವ ಗಾಡಿಯ ವಯಸ್ಸಿನ ಲೆಕ್ಕ ಇನ್ನೂ ಚಂದ. 21 ವರ್ಷ ತುಂಬಿ, ಎಂಜಿನ್ ಮೊದಲಿದ್ದ ಹಾಗೇ ಇದ್ದರೆ ಹೊಗೆಯ ನಿಯಮ ಮಾಫಿ. 25 ತುಂಬಿದರೆ ಸುರಕ್ಷತೆಯ ನಿಯಮವೂ ಮಾಫಿ. ಅಂದರೆ ಬ್ರೇಕು, ಬೆಲ್ಟು ಸವೆದಷ್ಟೂ ಗಾಡಿಯ ಮೇಲೆ ಸರ್ಕಾರಕ್ಕೆ ನಂಬಿಕೆ ಜಾಸ್ತಿ! ಪಕ್ಕದ ಕೆನಡಾಕ್ಕೆ 15 ವರ್ಷಕ್ಕೇ ಆ ನಂಬಿಕೆ ಬಂದುಬಿಡುತ್ತದೆ.

ಇದಾದ ಮೇಲೆ ಸುಂಕ. ಕಾರಾಗಿದ್ದರೆ ಮೂಲ ಸುಂಕ ಶೇ. 2.5. ಇವನದಕ್ಕೆ ಹಿಂದೆ ಸಾಮಾನು ತುಂಬುವ ತೊಟ್ಟಿ ಇದೆ, ಹಾಗಾಗಿ ಶೇ. 25. ಕಾರಣ, ಕೋಳಿ.

ತಮಾಷೆಯಲ್ಲ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿಗೆ ರಾಶಿ ರಾಶಿ ಹೋಗುತ್ತಿತ್ತು. ಅಲ್ಲಿನ ಕೋಳಿ ಸಾಕುವವರು ಬೊಬ್ಬೆ ಹೊಡೆದರು. ಯುರೋಪು ಸುಂಕ ಏರಿಸಿತು. ಅಮೆರಿಕಕ್ಕೆ ಸಿಟ್ಟು ಬಂತು. 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ತಿರುಗಿ ನಾಲ್ಕು ಸರಕಿಗೆ ಸುಂಕ ಜಡಿದರು: ಆಲೂಗಡ್ಡೆ ಪಿಷ್ಟ, ಪಿಷ್ಟದಿಂದಲೇ ಮಾಡುವ ಡೆಕ್ಸ್ಟ್ರಿನ್ ಎಂಬ ಅಂಟು, ಬ್ರಾಂದಿ, ಸಣ್ಣ ಟ್ರಕ್ಕು. ಏಟು ಬಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿಗಳಿಗೆ. ಕಾಲ ಕಳೆದಂತೆ ಪಿಷ್ಟ ಪಾರಾಯಿತು, ಬ್ರಾಂದಿಯೂ ಪಾರಾಯಿತು. ಟ್ರಕ್ಕು ಮಾತ್ರ ಇನ್ನೂ ಸಿಕ್ಕಿಹಾಕಿಕೊಂಡಿದೆ. ಆ ಕೋಳಿಗಳನ್ನು ತಿಂದವರೂ ಈಗ ಎಷ್ಟು ಜನ ಉಳಿದಿದ್ದಾರೋ.

ಇದನ್ನು ತಪ್ಪಿಸಲು ನಡೆದ ಆಟಗಳು ಒಂದೆರಡಲ್ಲ. ಸುಬಾರು ಕಂಪನಿ ತನ್ನ ಬ್ರಾಟ್ ಗಾಡಿಯ ತೆರೆದ ತೊಟ್ಟಿಯಲ್ಲೇ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಟ್ರಕ್ಕಲ್ಲ, ಜನ ಕೂರುವ ಗಾಡಿ ಅಂದಿತು. ಅಧಿಕಾರಿಗಳು ಒಪ್ಪಿಯೂ ಒಪ್ಪಿದರು! ಫೋರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ. ಟರ್ಕಿಯಲ್ಲಿ ಮಾಡಿದ ವ್ಯಾನುಗಳಿಗೆ ಹಿಂದಿನ ಸೀಟು ಹಾಕಿ ಹಡಗು ಹತ್ತಿಸುವುದು, ಅಮೆರಿಕದಲ್ಲಿ ಇಳಿದ ಮೇಲೆ ಆ ಸೀಟು ಕಿತ್ತು ಸಾಮಾನಿನ ವ್ಯಾನು ಅಂತ ಮಾರುವುದು. ಆ ಜಗಳ ವರ್ಷಗಟ್ಟಲೆ ಎಳೆದು, 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿತು. ದೊಡ್ಡವರಿಗಾದರೆ ವಾದಿಸಲು ವಕೀಲರ ದಂಡೇ ಇರುತ್ತದೆ. ನನ್ನ ಗೆಳೆಯನಿಗೆ ಇರುವುದು ನಾನು.

ಎಲ್ಲ ಕೇಳಿಸಿಕೊಂಡು ಅವನು, "ಅಲ್ಲ ಕಣೋ, ನಾನು ಮೊಟ್ಟೆ ಕೂಡ ಮುಟ್ಟಲ್ಲ. ನಾನ್ಯಾಕೆ ಕೋಳಿ ತೆರಿಗೆ ಕಟ್ಟಬೇಕು?" ಅಂದ. ನ್ಯಾಯವಾದ ಮಾತೇ. ಆದರೆ ಅರ್ಜಿಯಲ್ಲಿ ಅದನ್ನು ಬರೆಯಲು ಜಾಗವಿಲ್ಲ.

ನನಗೆ ನಿಜವಾಗಿ ಉರಿಯುವುದು ಇದಲ್ಲ. ಕೇಂದ್ರದವರು ಕಾಗದ ನೋಡಿ, ದುಡ್ಡು ಎಣಿಸಿಕೊಂಡು ಗಾಡಿ ಬಿಟ್ಟರೂ, ನಂಬರ್ ಪ್ಲೇಟ್ ಕೊಡಬೇಕಾದವರು ರಾಜ್ಯದವರು. ಇಂಥ ಪುಟ್ಟ ಟ್ರಕ್ಕು ರಸ್ತೆಗೆ ಬೇಡ ಅಂತ ಕೆಲವು ರಾಜ್ಯಗಳು ಕೈಯೆತ್ತಿಬಿಟ್ಟಿವೆ. ಕೊಟ್ಟ ನೋಂದಣಿಯನ್ನು ವಾಪಸ್ ಕೇಳಿದ್ದೂ ಉಂಟು. ಹಾಗಾದರೆ ದುಡ್ಡು ಇಸಕೊಂಡದ್ದು ಯಾತಕ್ಕೆ?

"ನಿಮ್ಮ ರಾಜ್ಯದಲ್ಲಿ ಕೊಡ್ತಾರೇನೋ?" ಎಂದು ಕೇಳಿದೆ.

"ಗಾಡಿ ಹಡಗು ಹತ್ತಿ ಆಯ್ತು. ಈಗ ಇದನ್ನೆಲ್ಲ ಕೇಳಬೇಡ" ಅಂದ.